ಕೆರೆಯ ಕಾಯಕ: ಸೊನ್ನಲಿಗೆಯ ತಟಾಕವೂ ಜಲಶುದ್ಧಿಯ ಪರಂಪರೆಯೂ

ಲಿಂಗಪೂಜೆಗೆ ಮೊದಲು ಬೇಕಾದುದು ನೀರು. ಪುಷ್ಪವು ದೊರೆಯದ ದಿನ ಪತ್ರೆಯಿಂದ ಪೂಜೆಯು ಸಾಗುವದು. ಪತ್ರೆಯೂ ದೊರೆಯದಿದ್ದರೆ ಭಸ್ಮಧಾರಣೆಯಿಂದಲೇ ಭಕ್ತನು ಸಮಾಧಾನಪಡುವನು. ಆದರೆ ಮಜ್ಜನಕ್ಕೆರೆಯಲು ಒಂದು ಗಿಂಡಿ ನೀರಿಲ್ಲದಿದ್ದರೆ ಪೂಜೆಯ ಆರಂಭವೇ ಆಗದು. ಈ ನೀರನ್ನು ಶರಣರು ‘ಅಗ್ಘವಣಿ’ ಎಂದು ಕರೆದರು. ಶಿವಪೂಜೆಗೆ ನೀರನ್ನು ತರುವದನ್ನೇ ಕಾಯಕವಾಗಿ ಕೈಕೊಂಡ ಹುಲಿಗೆರೆಯ ಹೊನ್ನಯ್ಯನು ಅಗ್ಘವಣಿ ಹೊನ್ನಯ್ಯನೆಂದೇ ಪ್ರಸಿದ್ಧನಾದನು. ಅಷ್ಟಾವರಣಗಳಲ್ಲಿ ಪಾದೋದಕವೂ ಒಂದಾಗಿರುವದು. ಹೀಗೆ ಮೈತೊಳೆಯುವ ನೀರಿನಿಂದ ಮೊದಲುಗೊಂಡು ಪ್ರಸಾದರೂಪವಾದ ನೀರಿನ ವರೆಗೆ ಭಕ್ತನ ದಿನಚರ್ಯೆಯೆಲ್ಲವೂ ಜಲವನ್ನು ಆಶ್ರಯಿಸಿದೆ.

ಈ ಜಲವು ಬರುವದೆಲ್ಲಿಂದ? ಮಹಾನದಿಗಳು ಎಲ್ಲ ಊರುಗಳ ಬಳಿಯಲ್ಲಿ ಹರಿಯುವದಿಲ್ಲ. ಕನ್ನಡನಾಡಿನ ಬಯಲುಸೀಮೆಗೆ ಕೆರೆಯೇ ಗಂಗೆ. ಹುಲಿಗೆರೆ, ಸಿರಿಗೆರೆ, ಅರಸೀಕೆರೆ ಎಂಬ ಹೆಸರುಗಳೇ ಊರು ಕೆರೆಯನ್ನು ನಂಬಿ ಹುಟ್ಟಿತೆಂಬುದಕ್ಕೆ ಸಾಕ್ಷಿಯಾಗಿವೆ. ನೀರನ್ನು ಪೂಜ್ಯವೆಂದು ಭಾವಿಸಿದ ಜನರು ನೀರಿನ ನೆಲೆಯಾದ ಕೆರೆಯನ್ನು ಹೇಗೆ ಕಾಯ್ದುಕೊಂಡು ಬಂದರು, ಆ ಕಾಪು ಎಲ್ಲಿ ಸಡಿಲಾಯಿತು, ಅದನ್ನು ಮರಳಿ ಹೇಗೆ ಬಿಗಿಗೊಳಿಸಬೇಕು—ಎಂಬ ಮೂರು ಸಂಗತಿಗಳನ್ನು ಇತಿಹಾಸದ ಆಧಾರದಿಂದ ವಿವೇಚಿಸುವದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಸೊನ್ನಲಿಗೆಯ ತಟಾಕ

ಶರಣಸಮೂಹದಲ್ಲಿ ಕೆರೆಯ ಮಾತು ಬಂದೊಡನೆ ನೆನಪಿಗೆ ಬರುವ ಮಹನೀಯರು ಸೊನ್ನಲಿಗೆಯ ಶ್ರೀ ಸಿದ್ಧರಾಮೇಶ್ವರರು. ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ. 1956ರ ರಾಜ್ಯಗಳ ಪುನರ್ವಿಂಗಡಣೆಯಲ್ಲಿಯೂ ಈ ಪಟ್ಟಣವು ಕನ್ನಡರಾಜ್ಯದ ಹೊರಗೇ ಉಳಿಯಿತು. ಆದರೂ ಅಲ್ಲಿಯ ಭಕ್ತಸಮುದಾಯದಲ್ಲಿ ಕನ್ನಡವು ಇಂದಿಗೂ ಜೀವಂತವಾಗಿದೆ. 12ನೆಯ ಶತಮಾನದಲ್ಲಿ ಮುದ್ದುಗೌಡ ಮತ್ತು ಸುಗ್ಗವ್ವೆಯರ ಮಗನಾಗಿ ಜನಿಸಿದ ಸಿದ್ಧರಾಮನು ಬಾಲ್ಯದಲ್ಲಿಯೇ ಶ್ರೀಶೈಲದ ಮಲ್ಲಿನಾಥನ ಸಾಕ್ಷಾತ್ಕಾರವನ್ನು ಪಡೆದು, ಆತನ ಅಪ್ಪಣೆಯಂತೆ ತನ್ನ ಊರಿಗೆ ಮರಳಿ ದೇವಾಲಯವನ್ನೂ ಕೆರೆಯನ್ನೂ ನಿರ್ಮಿಸಿದನೆಂದು ರಾಘವಾಂಕಕವಿಯ ಸಿದ್ಧರಾಮಚಾರಿತ್ರವು ವರ್ಣಿಸುತ್ತದೆ. ಕಪಿಲಸಿದ್ಧಮಲ್ಲಿಕಾರ್ಜುನನೆಂಬ ಅಂಕಿತದಿಂದ ವಚನಗಳನ್ನು ಹಾಡಿದ ಈ ಶಿವಯೋಗಿಯು ತನ್ನ ಯೋಗವನ್ನು ಗುಹೆಯಲ್ಲಿ ಅಡಗಿಸಲಿಲ್ಲ. ಗುದ್ದಲಿ ಬುಟ್ಟಿಗಳನ್ನು ಹಿಡಿದ ಜನರ ನಡುವೆ ಅದನ್ನು ಆಚರಿಸಿದನು.

ಸೊಲ್ಲಾಪುರದ ಸೀಮೆಯು ಎರೆಮಣ್ಣಿನ ನಾಡು. ಮಳೆಯು ಅಲ್ಲಿ ಮಿತ ಮತ್ತು ಅನಿಶ್ಚಿತ. ಬಿದ್ದ ಮಳೆಯನ್ನು ಹಿಡಿದಿಡುವ ಉಪಾಯವಿಲ್ಲದಿದ್ದರೆ ಮಳೆಗಾಲದ ಹಳ್ಳವು ಬೇಸಿಗೆಗೆ ಬರಿಯ ಮರಳಾಗುವದು. ಅಂತಹ ಭೂಮಿಯಲ್ಲಿ ಕೆರೆಯನ್ನು ತೋಡಿಸುವದು ಕೇವಲ ಪುಣ್ಯಸಂಪಾದನೆಯ ಮಾತಾಗಿರದೆ ಪ್ರಾಣರಕ್ಷಣೆಯ ಮಾತಾಗಿತ್ತು. ಇಂದಿಗೂ ಶ್ರೀ ಸಿದ್ಧೇಶ್ವರ ದೇವಾಲಯವು ಸುತ್ತಲೂ ನೀರಿನಿಂದ ಕಂಗೊಳಿಸುತ್ತ, ಹತ್ತಿರದ ಕೋಟೆಯ ನೆರಳನ್ನು ತನ್ನ ಕೆರೆಯಲ್ಲಿ ತೋರಿಸುತ್ತ ನಿಂತಿದೆ. ಪ್ರತಿವರ್ಷ ಮಕರಸಂಕ್ರಮಣದ ಗಡ್ಡದ ಜಾತ್ರೆಯಲ್ಲಿ ನಂದಿಧ್ವಜಗಳು ಹೊರಟು, ಸಿದ್ಧರಾಮೇಶ್ವರರು ಸ್ಥಾಪಿಸಿದರೆನ್ನುವ 68 ಲಿಂಗಗಳಿಗೆ ತೈಲಾಭಿಷೇಕವಾಗಿ, ಕೆರೆಯ ಬಳಿಯ ಸಮ್ಮತಿಕಟ್ಟೆಯಲ್ಲಿ ಅಕ್ಷತೆಯ ಸಮಾರಂಭವು ನೆರವೇರುತ್ತದೆ. ಎಂಟುನೂರು ವರ್ಷಗಳ ಹಿಂದೆ ತೋಡಿದ ಒಂದು ಕೆರೆಯ ದಂಡೆಯಲ್ಲಿ ಲಕ್ಷಾಂತರ ಜನರು ಇಂದಿಗೂ ಕೂಡುವದು ಸಾಮಾನ್ಯ ಸಂಗತಿಯಲ್ಲ.

ಈ ಕೆರೆಯ ದಂಡೆಯಲ್ಲಿಯೇ ಶರಣಧರ್ಮದ ಒಂದು ಮಹತ್ತ್ವದ ಪ್ರಸಂಗವು ಜರುಗಿತು. ಶೂನ್ಯಸಂಪಾದನೆಯಲ್ಲಿ ಬಂದಿರುವಂತೆ, ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದು, ಕೆಲಸದಲ್ಲಿ ತೊಡಗಿದ್ದವರನ್ನು ಕುರಿತು ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳಿದರು. ಗುರುವಿಗೆ ಅಪಮಾನವಾಯಿತೆಂದು ಕೆರಳಿದ ಜನರು ಕಲ್ಲುಗಳನ್ನು ಬೀರಿದರು. ಆ ಕಲ್ಲುಗಳು ಪ್ರಭುದೇವರನ್ನು ತಾಗದೆ ಸುತ್ತಲೂ ರಾಶಿಯಾಗಿ ಬಿದ್ದವು. ತರುವಾಯ ಸಿದ್ಧರಾಮನೊಡನೆ ನಡೆದ ಸಂವಾದದಲ್ಲಿ ಪ್ರಭುದೇವರು ಬಾಹ್ಯಕರ್ಮದ ಫಲಾಪೇಕ್ಷೆಯನ್ನು ಖಂಡಿಸಿ, ಆತನನ್ನು ಕಲ್ಯಾಣಕ್ಕೆ ಕರೆದೊಯ್ದರು. ಅಲ್ಲಿ ಚೆನ್ನಬಸವಣ್ಣನವರಿಂದ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾಯಿತು.

ಈ ಪ್ರಸಂಗದಿಂದ ಕೆರೆಕಟ್ಟೆಗಳು ವ್ಯರ್ಥವೆಂಬ ಅರ್ಥವನ್ನು ಕೆಲವರು ಮಾಡುವದುಂಟು. ಅದು ಸರಿಯಲ್ಲ. ಪ್ರಭುದೇವರು ಕೆರೆಯನ್ನು ಮುಚ್ಚೆಂದು ಹೇಳಲಿಲ್ಲ. ‘ನಾನು ಕಟ್ಟಿದೆ’ನೆಂಬ ಭಾವವನ್ನು ಬಿಡೆಂದರು. ಕೀರ್ತಿಗಾಗಿ ಕಟ್ಟಿದ ಕೆರೆಯ ಕೆಲಸವು ಶಿಲಾಶಾಸನವನ್ನು ನಿಲ್ಲಿಸಿದ ದಿನವೇ ಮುಗಿದುಹೋಗುವದು. ಕಾಯಕವೆಂದು ಕೈಕೊಂಡ ಕೆರೆಯ ಕೆಲಸಕ್ಕೆ ಮುಗಿತಾಯವಿಲ್ಲ. ಪ್ರತಿ ಮಳೆಗಾಲಕ್ಕೂ ಅದು ಹೊಸದಾಗಿ ಆರಂಭವಾಗುವದು. ಮತ್ತೊಂದು ಮಾತೂ ಇಲ್ಲಿ ಮನನೀಯವಾಗಿದೆ. ಪ್ರಭುದೇವರು ಕೆಣಕಲು ಬಳಸಿದ ‘ಒಡ್ಡ’ ಎಂಬ ಶಬ್ದವು ಕಲ್ಲುಮಣ್ಣುಗಳ ಕೆಲಸದಿಂದ ಕೆರೆಗಳನ್ನು ನಿರ್ಮಿಸಿದ ಶ್ರಮಜೀವಿಗಳ ಹೆಸರು. ಆ ಭೋವಿ ಸಮಾಜದವರು ಸಿದ್ಧರಾಮೇಶ್ವರರನ್ನೇ ತಮ್ಮ ಕುಲಗುರುವೆಂದು ಪೂಜಿಸುತ್ತ ಬಂದಿರುವರು. ಕೆರೆಯ ಇತಿಹಾಸದಲ್ಲಿ ಅರಸರ ಹೆಸರುಗಳು ಕಲ್ಲಿನ ಮೇಲುಂಟು. ಇವರ ಹೆಸರುಗಳು ಏರಿಯ ಮಣ್ಣಿನೊಳಗುಂಟು.

ಹಿಂದಿನವರ ಕೆರೆಶಾಸ್ತ್ರ

ಕೆರೆಯೆಂದರೆ ನೀರು ನಿಂತ ತಗ್ಗೆಂದು ತಿಳಿಯಬಾರದು. ಅದು ಅನೇಕ ಅಂಗಗಳುಳ್ಳ ಒಂದು ಶರೀರ. ಮಳೆಯನ್ನು ಕೂಡಿಸುವ ಮೇಲಣ ಇಳಿಜಾರಿನ ನೆಲ, ನೀರನ್ನು ತರುವ ಕಾಲುವೆ, ತಡೆಯುವ ಏರಿ, ಗದ್ದೆಗೆ ಬಿಡುವ ತೂಬು, ಹೆಚ್ಚಿನ ನೀರನ್ನು ಹೊರಗೆ ಕಳಿಸುವ ಕೋಡಿ—ಇವುಗಳಲ್ಲಿ ಒಂದು ಕೆಟ್ಟರೂ ಉಳಿದವು ಕ್ರಮೇಣ ಕೆಡುವವು. ಹಿಂದಿನವರು ಇದನ್ನು ಚೆನ್ನಾಗಿ ಅರಿತಿದ್ದರು. ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಮೊದಲನೆಯ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯ ಕ್ರಿ. ಶ. 1369ರ ಸಂಸ್ಕೃತ ಶಾಸನವು ಕೆರೆಗೆ 12 ಅಂಗಗಳನ್ನೂ 6 ದೋಷಗಳನ್ನೂ ಎಣಿಸಿ ಹೇಳಿದೆ. ಎರಡು ವರ್ಷಗಳ ಕಾಲ ದಿನವೊಂದಕ್ಕೆ 1,000 ಆಳುಗಳೂ 100 ಬಂಡಿಗಳೂ ಅಲ್ಲಿ ದುಡಿದವೆಂಬುದು ಅದೇ ಶಾಸನದಿಂದ ತಿಳಿಯುವದು. ಏರಿಯಿಂದ ನೀರು ಜಿನುಗುವದು, ನೆಲವು ಚವುಳಾಗಿರುವದು, ಕೆರೆಯ ನಡುವೆ ದಿಬ್ಬವಿರುವದು, ನೀರಿನ ಪ್ರಮಾಣವು ಭೂಮಿಗೆ ಹೊಂದದಿರುವದು ಮುಂತಾದ ದೋಷಗಳ ಜೊತೆಗೆ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯು ಇರುವದನ್ನೂ ಒಂದು ದೋಷವೆಂದು ಆ ಶಾಸನವು ಪರಿಗಣಿಸಿರುವದು. ಇಬ್ಬರ ಗಡಿಯಲ್ಲಿರುವ ಕೆರೆಗೆ ಒಡೆಯರು ಇಬ್ಬರಿದ್ದರೂ ಕಾಯುವವನು ಒಬ್ಬನೂ ಇರಲಾರನೆಂಬುದೇ ಇದರ ತಾತ್ಪರ್ಯವಾಗಿರಬೇಕು. ಈ ಮಾತಿನ ಬೆಲೆಯು ಮುಂದೆ ಗೊತ್ತಾಗುವದು.

ಕೆರೆಯನ್ನು ಕಟ್ಟುವಷ್ಟೇ ಕಾಳಜಿಯನ್ನು ಅದರ ಪಾಲನೆಗೂ ವಹಿಸಿದ್ದರೆಂಬುದಕ್ಕೆ ಕನ್ನಡ ಶಾಸನಗಳೇ ಆಧಾರವಾಗಿವೆ. ಕೆರೆಯ ಸಂರಕ್ಷಣೆಗೆಂದು ಬಿಟ್ಟ ಭೂಮಿ ಅಥವಾ ಆದಾಯದ ಭಾಗಕ್ಕೆ ‘ಬಿಟ್ಟುವಟ್ಟ’ವೆಂದೂ, ಕೆರೆಯನ್ನು ಕಟ್ಟಿದವನಿಗೆ ಕೊಟ್ಟ ಮಾನ್ಯಕ್ಕೆ ‘ಕಟ್ಟುಕೊಡಗೆ’ಯೆಂದೂ ಹೆಸರು. ಹೂಳನ್ನು ಹೊರಲು ಕೆರೆಬಂಡಿಗಳನ್ನು ನಿಯಮಿಸಿ ಅವುಗಳ ಖರ್ಚಿಗೆ ಭೂಮಿಯನ್ನು ಬಿಡುವ ಪದ್ಧತಿಯೂ ಇತ್ತು. ಈ ಧರ್ಮವನ್ನು ಅಳಿದವನಿಗೆ ಮಹಾಪಾತಕವು ಬರುವದೆಂದು ಶಾಸನಗಳು ಶಪಿಸುತ್ತವೆ. ಆದರೆ ಪೂರ್ವಿಕರು ಕೇವಲ ಶಾಪವನ್ನು ನಂಬಿ ಕೂಡಲಿಲ್ಲ. ಕೆರೆಯ ಮೇಲೆ ನೀರುಗಂಟಿಯನ್ನು ನಿಯಮಿಸಿದರು. ತೂಬನ್ನು ತೆಗೆಯುವದು, ಗದ್ದೆಗಳಿಗೆ ಸರದಿಯಂತೆ ನೀರನ್ನು ಹಂಚುವದು, ಮಳೆಯ ರಾತ್ರಿಯಲ್ಲಿ ಏರಿಯ ಮೇಲೆ ನಡೆದು ಬಿರುಕು ಬಿಟ್ಟಿದೆಯೇ ಎಂದು ನೋಡುವದು ಅವನ ಕೆಲಸಗಳು. ಒಕ್ಕಲಾದ ಮೇಲೆ ಪ್ರತಿಯೊಬ್ಬ ರೈತನ ಕಣದಿಂದ ಅವನಿಗೆ ಪಾಲು ಸಲ್ಲುತ್ತಿತ್ತು. ಕೆರೆ ತುಂಬಿದರೆ ಅವನ ಹೊಟ್ಟೆ ತುಂಬುವದು. ಕೆರೆ ಒಡೆದರೆ ಅವನ ಬಾಳೂ ಒಡೆಯುವದು. ಆದುದರಿಂದ ಅವನಿಗೆ ಮೇಲ್ವಿಚಾರಕರ ಅವಶ್ಯಕತೆಯಿರಲಿಲ್ಲ.

ಬೇಸಿಗೆಯಲ್ಲಿ ಕೆರೆಯು ಬತ್ತಿದಾಗ ಊರವರು ಬಂಡಿಗಳನ್ನು ಹೂಡಿಕೊಂಡು ಹೋಗಿ ಕೆರೆಯ ಗೋಡುಮಣ್ಣನ್ನು ತಮ್ಮ ಹೊಲಗಳಿಗೆ ಹಾಕುತ್ತಿದ್ದರು. ಇದರಿಂದ ಕೆರೆಯ ಆಳವು ಉಳಿಯಿತು, ಹೊಲಕ್ಕೆ ಗೊಬ್ಬರವು ದೊರೆಯಿತು ಎಂದು ಎಲ್ಲರೂ ಬಲ್ಲರು. ಮೂರನೆಯದೊಂದು ಲಾಭವನ್ನು ಈಚಿನ ಜಲವಿಜ್ಞಾನವು ತೋರಿಸಿಕೊಟ್ಟಿದೆ. ಪಾಚಿಯನ್ನೂ ನೀರುಕಳೆಯನ್ನೂ ಬೆಳೆಯಿಸುವ ಸಾರಜನಕ, ರಂಜಕಗಳೆಂಬ ಪೋಷಕದ್ರವ್ಯಗಳು ಹೂಳಿನಲ್ಲಿಯೇ ಸಂಗ್ರಹವಾಗಿರುತ್ತವೆ. ಹೂಳನ್ನು ಹೊಲಕ್ಕೆ ಸಾಗಿಸಿದಾಗ ನೀರನ್ನು ಕೆಡಿಸಬಹುದಾದ ದ್ರವ್ಯವೇ ಬೆಳೆಯಾಗಿ ಮನೆಗೆ ಬರುತ್ತಿತ್ತು. ಬಂಡಿ ಹೂಡಿದ ರೈತನು ಅರಿಯದೆಯೇ ಕೆರೆಯ ಚಿಕಿತ್ಸೆಯನ್ನೂ ಮಾಡುತ್ತಿದ್ದನು.

ಈ ವ್ಯವಸ್ಥೆಯ ವಿಸ್ತಾರವು ಎಷ್ಟಿತ್ತೆಂಬುದನ್ನು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರನಾಗಿದ್ದ ಸ್ಯಾಂಕಿಯು 1866ರಲ್ಲಿ ಬರೆದಿಟ್ಟಿರುವನು. ಸಂಸ್ಥಾನದ 27,269 ಚದರಮೈಲು ಕ್ಷೇತ್ರದಲ್ಲಿ ನೂರಕ್ಕೆ 60ರಷ್ಟು ಭೂಮಿಯು ಜನರ ತಾಳ್ಮೆಯ ದುಡಿಮೆಯಿಂದ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿತ್ತೆಂದೂ, ಅಂತಹ ಭಾಗಗಳಲ್ಲಿ ಹೊಸದೊಂದು ಕೆರೆಗೆ ಸ್ಥಳವನ್ನು ಹುಡುಕುವದೇ ಕಷ್ಟವೆಂದೂ ಅವನ ಅಭಿಪ್ರಾಯವಾಗಿತ್ತು. ಒಂದರ ಕೋಡಿಯ ನೀರು ಮತ್ತೊಂದಕ್ಕೆ ಸೇರುವಂತೆ ಸರಪಳಿಯಾಗಿ ನಿಂತ ಈ ಕೆರೆಗಳಲ್ಲಿ ಮೇಲಿನೂರಿನವರ ನಡತೆಯು ಕೆಳಗಿನೂರಿನವರ ನೀರಾಗಿ ಇಳಿದುಬರುತ್ತಿತ್ತು.

ಮಡಿಯ ನೀರು, ಶುದ್ಧವಾದ ನೀರು

ಇಷ್ಟು ಹೇಳಿದ ಮಾತ್ರದಿಂದ ಹಿಂದಿನದೆಲ್ಲವೂ ನಿರ್ದೋಷವಾಗಿತ್ತೆಂದು ಭಾವಿಸಲಾಗದು. ಎರಡು ದೋಷಗಳನ್ನು ಮರೆಮಾಚದೆ ಹೇಳುವದು ಇತಿಹಾಸಧರ್ಮವಾಗಿದೆ.

ಮೊದಲನೆಯದು ರೋಗದ ಸಂಗತಿ. ಕುಡಿಯುವ ನೀರಿನ ಹೊಂಡದಲ್ಲಿಯೇ ಮೈತೊಳೆಯುವದೂ ಬಟ್ಟೆ ಒಗೆಯುವದೂ ಅನೇಕ ಊರುಗಳಲ್ಲಿ ನಡೆದಿತ್ತು. ಪಟಕಿಯ ಬೇನೆಗೆ ಕಾರಣವಾದ ಸೂಕ್ಷ್ಮಜೀವಿಯನ್ನು ಜರ್ಮನಿಯ ವೈದ್ಯವಿಜ್ಞಾನಿ ರಾಬರ್ಟ್ ಕಾಕನು 1884ರಲ್ಲಿ ಕಲ್ಕತ್ತೆಯ ಒಂದು ಕೆರೆಯ ನೀರಿನಲ್ಲಿಯೇ ಕಂಡನು. ಆ ಕೆರೆಯ ದಂಡೆಯ ನಿವಾಸಿಗಳು ಅದೇ ನೀರಿನಲ್ಲಿ ಒಗೆದು, ಅದೇ ನೀರನ್ನು ಕುಡಿಯುತ್ತಿದ್ದರು. ಕಣ್ಣಿಗೆ ತಿಳಿಯಾಗಿ ಕಾಣುವ ನೀರು ಆರೋಗ್ಯಕ್ಕೆ ತಿಳಿಯಾಗಿರಲಾರದೆಂಬ ಸತ್ಯವು ಅಂದಿನಿಂದ ದೃಢವಾಯಿತು.

ಕಲಬುರ್ಗಿ, ರಾಯಚೂರು, ವಿಜಾಪುರದ ಸೀಮೆಗಳ ಹಿರಿಯರು ನಾರುಹುಣ್ಣನ್ನು ಮರೆತಿರಲಾರರು. ಮೆಟ್ಟಿಲುಬಾವಿ ಹೊಂಡಗಳ ನೀರಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣದಾದ ಒಂದು ಕೀಟದ ಹೊಟ್ಟೆಯಲ್ಲಿ ಆ ಹುಳುವಿನ ಮರಿಯು ವಾಸಿಸುವದು. ನೀರನ್ನು ಸೋಸದೆ ಕುಡಿದವನ ದೇಹದಲ್ಲಿ ಅದು ಸುಮಾರು ಒಂದು ವರ್ಷ ಬೆಳೆದು, ಎರಡು ಮೂರು ಅಡಿ ಉದ್ದದ ನಾರಿನಂತಾಗಿ, ಹೆಚ್ಚಾಗಿ ಕಾಲಿನಿಂದ ಹೊರಬೀಳುವದು. ಉರಿಯನ್ನು ತಾಳಲಾರದೆ ರೋಗಿಯು ಕಾಲನ್ನು ನೀರಿನಲ್ಲಿಟ್ಟೊಡನೆ ಹುಳುವು ಸಹಸ್ರಾವಧಿ ಮರಿಗಳನ್ನು ಬಿಡುವದು. ಹೊಂಡವು ಮರಳಿ ವಿಷವಾಗುವದು. ಈ ರೋಗಕ್ಕೆ ಲಸಿಕೆಯಾಗಲಿ ಗುಣಪಡಿಸುವ ಔಷಧವಾಗಲಿ ಇರಲಿಲ್ಲ. 1983-84ರಿಂದ ಸರಕಾರವು ನಡೆಸಿದ ನಿರ್ಮೂಲನ ಕಾರ್ಯದಲ್ಲಿ ರೋಗಿಗಳು ನೀರಿಗಿಳಿಯದಂತೆ ತಡೆದು, ಮೆಟ್ಟಿಲುಬಾವಿಗಳನ್ನು ಸೇದುಬಾವಿಗಳನ್ನಾಗಿ ಮಾಡಿ, ಹೊಂಡದ ನೀರಿಗೆ ಕೀಟನಾಶಕವನ್ನು ಹಾಕಿ, ಬಟ್ಟೆಯಿಂದ ಸೋಸಿದ ನೀರನ್ನೇ ಕುಡಿಯಲು ಮನೆಮನೆಗೆ ಕಲಿಸಲಾಯಿತು. 1996ರ ಜುಲೈದಲ್ಲಿ ರಾಜಸ್ಥಾನದಲ್ಲಿ ಕಂಡದ್ದೇ ಭಾರತದ ಕಡೆಯ ಪ್ರಕರಣವು. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವೆಂದು ಸಾರಿತು. ಒಂದು ಮಹಾರೋಗವು ಮುಖ್ಯವಾಗಿ ಒಂದು ಅರಿವೆಯ ತುಂಡಿನಿಂದಲೂ ನೀರಿಗಿಳಿಯದ ಒಂದು ನಿಯಮದಿಂದಲೂ ಅಳಿಯಿತು. ನೀರನ್ನು ಬಟ್ಟೆಯಿಂದ ಸೋಸಿ ಬಳಸುವ ಶಿವಾಚಾರದ ಮನೆಗಳ ಹಳೆಯ ನೇಮವು ಎಷ್ಟು ಹಿತಕರವಾಗಿತ್ತೆಂಬುದು ಇದರಿಂದ ವ್ಯಕ್ತವಾಗುವದು.

ಎರಡನೆಯ ದೋಷವು ಇದಕ್ಕಿಂತಲೂ ದಾರುಣವಾದುದು. ಕೆರೆಯ ಶುದ್ಧಿಯ ಹೆಸರಿನಲ್ಲಿಯೇ ಮನುಷ್ಯರನ್ನು ಕೆರೆಯಿಂದ ದೂರವಿಡಲಾಗಿತ್ತು. ದನಕರುಗಳು ಇಳಿದು ಕುಡಿಯುವ ನೀರನ್ನು ಕೆಲವು ಜಾತಿಗಳ ಜನರು ಮುಟ್ಟುವಂತಿರಲಿಲ್ಲ. ಸಾರ್ವಜನಿಕ ಜಲಾಶಯಗಳು ಎಲ್ಲರಿಗೂ ತೆರೆದಿರಬೇಕೆಂದು ಮುಂಬಯಿ ವಿಧಾನ ಪರಿಷತ್ತು 1923ರಲ್ಲಿ ಗೊತ್ತುವಳಿಯನ್ನು ಅಂಗೀಕರಿಸಿದರೂ ಆಚರಣೆಯು ಬದಲಾಗಲಿಲ್ಲ. ಕೊಂಕಣದ ಮಹಾಡದಲ್ಲಿ 1927ರ ಮಾರ್ಚ್ 20ರಂದು ಡಾ. ಬಿ. ಆರ್. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಚವದಾರ ಕೆರೆಯ ನೀರನ್ನು ಕುಡಿದರು. ತರುವಾಯ ಅಲ್ಲಿಯ ಸಂಪ್ರದಾಯಸ್ಥರು 108 ಕೊಡಗಳಿಂದ ಪಂಚಗವ್ಯವನ್ನು ಕೆರೆಗೆ ಸುರಿದು ಅದನ್ನು ‘ಶುದ್ಧ’ ಮಾಡಿದರು! ಮುಂಬಯಿ ಉಚ್ಚ ನ್ಯಾಯಾಲಯವು 1937ರಲ್ಲಿ ದಲಿತರ ಹಕ್ಕನ್ನು ಎತ್ತಿಹಿಡಿಯಿತು. ಮನುಷ್ಯನ ಸ್ಪರ್ಶದಿಂದ ಕೆಡದ ನೀರು ಸಗಣಿ ಗಂಜಲಗಳಿಂದ ಶುದ್ಧವಾಯಿತೆಂದು ನಂಬಿದ ಆ ಘಟನೆಯು, ಮಡಿಗೂ ಶುದ್ಧಿಗೂ ಇರುವ ಅಂತರವನ್ನು ಲೋಕಕ್ಕೆ ತೋರಿಸಿತು. ಜಾತಿಸೂತಕವೇ ಮೊದಲಾದ ಪಂಚಸೂತಕಗಳನ್ನು ಅಲ್ಲಗಳೆದ ಶರಣಧರ್ಮದ ಅನುಯಾಯಿಗಳಿಗೆ ಈ ಅಂತರವು ಹೊಸ ಪಾಠವಾಗಬಾರದು. ನೀರನ್ನು ಕೆಡಿಸುವದು ಹುಟ್ಟಲ್ಲ, ನಡತೆ. ಕೆರೆಯ ರಕ್ಷಣೆಯೆಂಬ ಮಾತು ಯಾರನ್ನೂ ದೂರವಿಡುವ ನೆವವಾಗಿ ಮತ್ತೆ ಬಳಕೆಯಾಗಕೂಡದು.

ಕಾಪು ಸಡಿಲಾದ ಬಗೆ

ಕೆರೆಗಳ ಪಾಲನೆಯು 19ನೆಯ ಶತಮಾನದಲ್ಲಿ ಕ್ರಮೇಣ ಊರವರ ಕೈಯಿಂದ ಸರಕಾರದ ಇಲಾಖೆಗಳ ಕೈಗೆ ಹೋಯಿತು. ಮಾನ್ಯಭೂಮಿಗಳಿಗೆ ಕಂದಾಯದ ಹೊಸ ಲೆಕ್ಕಗಳು ಬಂದವು. ನೀರುಗಂಟಿಯ ಪಾಲು ಕುಗ್ಗಿತು. ದುರಸ್ತಿಯು ಸರಕಾರದ್ದೆಂದು ಜನರೂ, ಹೂಳೆತ್ತುವದು ಜನರ ಹಳೆಯ ಕರ್ತವ್ಯವೆಂದು ಸರಕಾರವೂ ಹೇಳತೊಡಗಿದವು. ಈ ಅನಿಶ್ಚಯವನ್ನು ನೀಗಲು ಮೈಸೂರು ಸಂಸ್ಥಾನವು 1911ರಲ್ಲಿ ಕೆರೆಪಂಚಾಯಿತಿಗಳ ಕಾಯಿದೆಯನ್ನು ಮಾಡಿತು. ಕೆರೆಗಳನ್ನು ಊರವರ ಸಂಘಗಳಿಗೆ ಒಪ್ಪಿಸುವ ಪ್ರಯತ್ನವು ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಜಲಸಂವರ್ಧನೆ ಯೋಜನೆಯ ರೂಪದಲ್ಲಿ ಮರಳಿ ನಡೆಯಿತು. 2014ರಲ್ಲಿ ಕರ್ನಾಟಕವು ಕೆರೆಗಳ ಸಂರಕ್ಷಣೆ ಮತ್ತು ಅಭಿವೃದ್ಧಿಗೆಂದು ಪ್ರಾಧಿಕಾರದ ಅಧಿನಿಯಮವನ್ನು ಮಾಡಿತು. ಕಾಯಿದೆಗಳು ಹೀಗೆ ಮತ್ತೆ ಮತ್ತೆ ಬೇಕಾದುದೇ, ಮೊದಲಿನ ಕಾಪು ಮರಳಿ ಬರಲಿಲ್ಲವೆಂಬುದಕ್ಕೆ ಪ್ರಮಾಣವು.

ಪಟ್ಟಣಗಳಲ್ಲಿ ಇನ್ನೊಂದು ಕಾರಣವೂ ಕೂಡಿತು. ದೂರದಿಂದ ನಳದ ನೀರು ಮನೆಗೆ ಬಂದೊಡನೆ ಊರ ಕೆರೆಯ ಮೇಲಿನ ಕಣ್ಣು ತಪ್ಪಿತು. ಬೆಂಗಳೂರಿಗೆ 19ನೆಯ ಶತಮಾನದ ಕೊನೆಯ ದಶಕದಲ್ಲಿ ಹೆಸರಘಟ್ಟದ ನೀರು ಬಂದಿತು. ಅಲ್ಲಿಯ ಪೇಟೆಗೆ ಆಧಾರವಾಗಿದ್ದ ಧರ್ಮಾಂಬುಧಿ ಕೆರೆಯು ಕಾಲಕ್ರಮದಲ್ಲಿ ಬತ್ತಿ, ಇಂದು ಆ ಸ್ಥಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕ್ರೀಡಾಂಗಣವಿದೆ. ಕುಡಿಯುವ ನೀರಿಗಾಗಿ ಕೆರೆಯನ್ನು ನೆಚ್ಚಿದವನು ಅದರಲ್ಲಿ ಒಂದು ಕಸವನ್ನೂ ಸಹಿಸುವದಿಲ್ಲ. ನೆಚ್ಚುವದನ್ನು ಬಿಟ್ಟವನಿಗೆ ಅದೇ ಕೆರೆಯು ಬಚ್ಚಲಿನ ತಗ್ಗಾಗಿ ಕಾಣುವದು.

ಪೋರುಮಾಮಿಳ್ಳದ ಶಾಸನವು ಹೇಳಿದ ಗಡಿಯ ದೋಷವು ಇಲ್ಲಿ ನೆನಪಿಗೆ ಬರಬೇಕು. ಕೆರೆಯ ನೆಲವು ಒಂದು ಇಲಾಖೆಯದು, ಏರಿಯು ಮತ್ತೊಂದರದು, ಮೀನಿನ ಗುತ್ತಿಗೆಯು ಮೂರನೆಯದರದು, ಚರಂಡಿಯು ಪುರಸಭೆಯದು. ಎರಡು ರಾಜ್ಯಗಳ ಗಡಿಯಲ್ಲಿರುವದೇ ದೋಷವಾದರೆ, ನಾಲ್ಕು ಕಚೇರಿಗಳ ಗಡಿಯಲ್ಲಿರುವ ಕೆರೆಯ ಸ್ಥಿತಿಯನ್ನು ಊಹಿಸಿಕೊಳ್ಳಬಹುದು.

ಕೆರೆಯು ಸಾಯುವ ಕ್ರಮವನ್ನು ತಿಳಿದರೆ ಅದನ್ನು ಉಳಿಸುವ ಮಾರ್ಗವೂ ತಿಳಿಯುವದು. ಬಚ್ಚಲ ನೀರು, ಸಾಬೂನು ಮತ್ತು ಒಗೆಯುವ ಪುಡಿಗಳಲ್ಲಿಯ ರಂಜಕ, ಹೊಲದಿಂದ ತೊಳೆದುಬಂದ ರಾಸಾಯನಿಕ ಗೊಬ್ಬರ—ಇವು ಕೆರೆಗೆ ಸೇರಿದಾಗ ನೀರು ಮಿತಿಮೀರಿ ಪುಷ್ಟವಾಗುವದು. ಪಾಚಿಯು ಹಬ್ಬಿ ನೀರು ಹಸಿರಾಗುವದು. ಹಗಲಿನಲ್ಲಿ ಪ್ರಾಣವಾಯುವನ್ನು ಕೊಡುವ ಈ ಪಾಚಿಯೇ ರಾತ್ರಿಯಲ್ಲಿ ಅದನ್ನು ಹೀರುವದು. ಸತ್ತ ಪಾಚಿಯು ಕೊಳೆಯುವಾಗ ಉಳಿದುದೂ ತೀರುವದು. ಬೆಳಗಾಗುವಷ್ಟರಲ್ಲಿ ಉಸಿರಿಲ್ಲದೆ ಮೀನುಗಳು ತೇಲುವವು. ಸ್ನಾನಯೋಗ್ಯವಾದ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಮಿಗಿಂತ ಕಡಿಮೆಯಿಲ್ಲದಂತೆ ಪ್ರಾಣವಾಯು ಕರಗಿರಬೇಕೆಂದೂ, ಕೊಳೆಯುವ ದ್ರವ್ಯವು ಹೀರುವ ಪ್ರಾಣವಾಯು 3 ಮಿಲಿಗ್ರಾಮನ್ನು ಮೀರಬಾರದೆಂದೂ ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡವು ವಿಧಿಸಿದೆ. ಚರಂಡಿಯ ಪಾತ್ರವಾದ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ನೊರೆಯು ಬೆಟ್ಟದಂತೆ ಎದ್ದು, 2015ರಲ್ಲಿ ಬೆಂಕಿಯನ್ನೂ ಹಿಡಿಯಿತು. ನೀರಿಗೆ ಬೆಂಕಿ ಬೀಳುವದೆಂದರೆ ಹಿಂದೆ ಗಾದೆಯ ಅತಿಶಯೋಕ್ತಿಯಾಗುತ್ತಿತ್ತು; ಈ ಕಾಲವು ಅದನ್ನು ಕಣ್ಣಾರೆ ಕಂಡಿತು.

ಭಕ್ತರ ಪಾಲಿನ ಕರ್ತವ್ಯ

ಕಾರ್ಖಾನೆಗಳನ್ನೂ ಪುರಸಭೆಗಳನ್ನೂ ದೂಷಿಸಿ ಸುಮ್ಮನಾಗುವದು ಸುಲಭ. ಆದರೆ ದೇವಾಲಯ ಮಠಗಳ ಹೊಂಡಗಳನ್ನು ಕೆಡಿಸುವ ಬಹುಭಾಗವು ಭಕ್ತಿಯ ಹೆಸರಿನಲ್ಲಿಯೇ ಒಳಸೇರುವದು. ಒಂದು ಮುಷ್ಟಿ ಹೂವಿನಿಂದ ಏನಾಗುವದೆಂದು ಪ್ರತಿಯೊಬ್ಬನೂ ಭಾವಿಸುವನು. ಜಾತ್ರೆಯ ದಿನ ಅಂತಹ ಮುಷ್ಟಿಗಳು ಲಕ್ಷವಾಗುವವು. ನಿರ್ಮಾಲ್ಯ, ಬಾಳೆಯ ಎಲೆ, ಎಣ್ಣೆಯ ದೀಪ, ಹಳೆಯ ಪಟಗಳು, ಪ್ಲಾಸ್ಟಿಕ್ ಚೀಲಗಳೊಡನೆ ಬಂದ ಕುಂಕುಮ ಭಂಡಾರಗಳು ನೀರನ್ನು ಸೇರುವವು. ದಾಸೋಹದ ಪಾತ್ರೆಗಳನ್ನು ತೊಳೆದ ಜಿಡ್ಡುನೀರು ಇಳಿಜಾರನ್ನು ಹಿಡಿದು ಅಲ್ಲಿಗೇ ಬರುವದು. ಬಣ್ಣ ಬಳಿದ ಮೂರ್ತಿಗಳ ವಿಸರ್ಜನೆಯಿಂದ ನೀರಿಗಾಗುವ ಹಾನಿಯನ್ನು ಕಂಡು ಕೇಂದ್ರೀಯ ಮಂಡಳಿಯು 2010ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿ, 2020ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವ ಭಕ್ತನಿಗಂತೂ ಇಂತಹ ವಿಸರ್ಜನೆಯ ಅವಶ್ಯಕತೆಯೇ ಇಲ್ಲ. ಶಿವನಿಗೆ ಅರ್ಪಿಸಿದ ಹೂವನ್ನು ಶಿವನ ಗಂಗೆಯನ್ನು ಕೆಡಿಸಲು ಬಳಸುವದು ಭಕ್ತಿಯಾಗಲಾರದು. ಅದೇ ಹೂವು ತಿಪ್ಪೆಯಲ್ಲಿ ಗೊಬ್ಬರವಾಗಿ ಮಠದ ಪತ್ರಿವನಕ್ಕೆ ಸಂದರೆ ಮತ್ತೊಮ್ಮೆ ಪೂಜೆಗೇ ಮರಳುವದು.

ಕೆರೆಯ ಆರೋಗ್ಯವು ಕೆರೆಯಲ್ಲಿ ಆರಂಭವಾಗುವದಿಲ್ಲ, ಅದರ ಮೇಲಣ ನೆಲದಲ್ಲಿ ಆರಂಭವಾಗುವದು. ಮಳೆಗೆ ಮೊದಲು ಕಾಲುವೆಗಳ ಉದ್ದಕ್ಕೂ ನಡೆದು ನೋಡಿ, ಚರಂಡಿಯು ಎಲ್ಲಿ ಕೂಡಿದೆಯೋ ಅಲ್ಲಿಯೇ ಅದನ್ನು ಬೇರ್ಪಡಿಸಬೇಕು. ಕೆರೆಯ ಅಂಚನ್ನೆಲ್ಲ ಸಿಮೆಂಟಿನಿಂದ ಮುಚ್ಚಿ ಅಂದಗೊಳಿಸುವದಕ್ಕಿಂತ, ಒಳಹರಿವಿನ ಬಾಯಿಯಲ್ಲಿ ಜೊಂಡು ಹುಲ್ಲುಗಳನ್ನು ಉಳಿಸುವದು ಮೇಲು. ಅವು ಕೆಸರನ್ನೂ ಪೋಷಕದ್ರವ್ಯಗಳನ್ನೂ ತಡೆಯುವವು. ಹೂಳನ್ನು ಪರೀಕ್ಷಿಸಿ, ವಿಷದ್ರವ್ಯಗಳಿಲ್ಲದಿದ್ದರೆ ಹಿಂದಿನಂತೆ ಹೊಲಗಳಿಗೆ ಹಂಚಬೇಕು. ಕೆರೆಯ ಎಲ್ಲೆಯನ್ನು ಸರ್ವೆಯ ನಕ್ಷೆಯಂತೆ ಗುರುತಿಸಿ ಕಲ್ಲು ನೆಡಿಸಬೇಕು. ಸ್ನಾನ, ಬಟ್ಟೆ, ದನಕರುಗಳಿಗೆ ಬೇರೆ ಬೇರೆ ಸ್ಥಳಗಳನ್ನು ನೀರಿನ ಹೊರಗೆ ಕಲ್ಪಿಸಬೇಕು. ನೀರಿನ ಪರೀಕ್ಷೆಯೂ ಇಂದು ಊರಿನ ಕೈಗೆ ನಿಲುಕದ ಮಾತಲ್ಲ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಕುಡಿಯುವ ನೀರನ್ನು ಪರೀಕ್ಷಿಸುವ ಶಿಕ್ಷಣವನ್ನು ವಿಧಿಸಿದೆ. ಕೊಡವನ್ನು ಹೊತ್ತ ತಾಯಂದಿರೇ ನೀರಿನ ಗುಣವನ್ನು ತೂಗಿ ಹೇಳುವದು ಯುಕ್ತವಾಗಿದೆ.

ಇವೆಲ್ಲಕ್ಕಿಂತ ಮುಖ್ಯವಾದುದು, ಈ ಕೆಲಸವು ಗೊತ್ತಾದ ಒಬ್ಬರ ಕಾಯಕವಾಗಿರಬೇಕೆಂಬುದು. ವರ್ಷಕ್ಕೊಂದು ದಿನ ಸಾವಿರ ಜನರು ಸೇರಿ ಕಸವನ್ನೆತ್ತುವದು ಸ್ತುತ್ಯವೇ ಸರಿ. ಆದರೆ ಉಳಿದ 364 ದಿನಗಳು ಯಾರವು? ಹಿಂದಿನ ಊರು ನೀರುಗಂಟಿಗೆ ಕಣದಲ್ಲಿ ಪಾಲು ಕೊಟ್ಟು ಈ ಪ್ರಶ್ನೆಗೆ ಉತ್ತರಿಸಿತ್ತು. ಇಂದಿನ ಮಠವು ದಾಸೋಹದ ಆದಾಯದಲ್ಲಿ ಒಂದು ಅಂಶವನ್ನು ಬಿಟ್ಟುವಟ್ಟವಾಗಿ ತೆಗೆದಿರಿಸಿ, ಕೆರೆಗೊಬ್ಬ ಕಾಪಿನವನನ್ನು ಗೌರವದ ವೇತನದಿಂದ ನಿಯಮಿಸಿದರೆ, ಅದು ಹಳೆಯ ಧರ್ಮದ ಹೊಸ ಆಚರಣೆಯಾಗುವದು. ಅವನ ಕೆಲಸವು ಪೂಜಾರಿಯ ಕೆಲಸಕ್ಕಿಂತ ಕೀಳಲ್ಲವೆಂಬುದನ್ನು ಕಾಯಕತತ್ತ್ವವೇ ಸಾರುತ್ತದೆ. ದಾಸೋಹದ ಪಂಕ್ತಿಯಲ್ಲಿ ಅವನಿಗೆ ಸಲ್ಲುವ ಮರ್ಯಾದೆಯೇ ಕೆರೆಗೆ ಸಲ್ಲುವ ಮರ್ಯಾದೆಯಾಗಿದೆ.

ಮಹೋತ್ಸವಗಳ ನೆನಪಿಗಾಗಿ ಮಹಾದ್ವಾರಗಳನ್ನೂ ಮಂಟಪಗಳನ್ನೂ ನಿರ್ಮಿಸುವದು ವಾಡಿಕೆ. ಅವು ಕಟ್ಟಿದ ದಿನ ಪೂರ್ಣವಾಗುವವು. ಸದ್ಭಕ್ತರು ತಮ್ಮ ತಮ್ಮ ಊರಿನ ಒಂದೊಂದು ಕೆರೆಯ ಕಾಪನ್ನು ಹೊತ್ತುಕೊಂಡರೆ, ಆ ಸ್ಮಾರಕವು ಎಂದಿಗೂ ಪೂರ್ಣವಾಗದೆ, ಅದರಿಂದಲೇ ಎಂದಿಗೂ ಜೀರ್ಣವಾಗದೆ ಉಳಿಯುವದು. ಮುಂದಿನ ಪೀಳಿಗೆಯ ಮಗುವೊಂದು ಅಂಜದೆ ಬೊಗಸೆಯಿಂದ ಎತ್ತಿ ಲಿಂಗಕ್ಕೆ ಮಜ್ಜನಕ್ಕೆರೆಯುವಷ್ಟು ನಿರ್ಮಲವಾದ ನೀರು ಪ್ರತಿಯೊಂದು ಊರಿನ ಕೆರೆಯಲ್ಲಿ ನಿಲ್ಲುವಂತೆ, ಕೆರೆಯನ್ನು ತೋಡಿ ‘ನಾನು’ ಎಂಬುದನ್ನು ಕಳೆದುಕೊಂಡ ಸೊನ್ನಲಿಗೆಯ ಶಿವಯೋಗಿಯು ಸಮಸ್ತ ಭಕ್ತವೃಂದಕ್ಕೆ ಸದ್ಬುದ್ಧಿಯನ್ನೂ ತೋಳಬಲವನ್ನೂ ಅನುಗ್ರಹಿಸಲಿ.